ಭಟ್ಟಿ ಮಾವನ ಅಂಗೈ

ಭಟ್ಟಿ ಎಂದೊಡನೆ ಬೇರೇನನ್ನೋ ನೆನೆದು ತುಟಿ ಸವರಿಕೊಳ್ಳುವವರು ಸವರಿಕೊಳ್ಳಲಿ. ಇದು ಬ್ರೆಡ್ಡಿನ ಭಟ್ಟಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಹಳೇ ಪೇಪರ್ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತ ಒಂದು ಬೇಕರಿ. ಅಲ್ಲಿಗೆ ಮೀಸೆ ಮೂಡುವಾಗ ಸೇರಿಕೊಂಡು, ಮೀಸೆಯ ಮೇಲೆ ಕೂತದ್ದು ನರೆಯೋ ಮೈದಾಹಿಟ್ಟೋ ಎಂದು ಯಾರಿಗೂ ಗೊತ್ತಾಗದಷ್ಟು ವಯಸ್ಸಾಗುವವರೆಗೆ ಇಟ್ಟಿಗೆ ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಂತವನು ಭಟ್ಟಿ ಮಾವ. ಓಣಿಯ ಮಕ್ಕಳಿಗೂ ಮಾವ, ಮಕ್ಕಳ ಅಪ್ಪಂದಿರಿಗೂ ಮಾವ.

ಆದರೆ ಓಣಿಯಲ್ಲಿ ಅವನಿಗಿಂತ ಹೆಸರು ಮಾಡಿದ್ದು ಅವನ ಬಲ ಅಂಗೈ.

ಬೇಕರಿಯಲ್ಲಿ ಕಾವು ಅಳೆಯುವ ಮೀಟರು ಇರಲಿಲ್ಲವೆಂದಲ್ಲ. ಯಜಮಾನರು ಒಮ್ಮೆ ಪೇಟೆಗೆ ಹೋದಾಗ ದುಂಡು ಮುಖದ, ಕೆಂಪು ಮುಳ್ಳಿನ ಮೀಟರೊಂದನ್ನು ತಂದು ಭಟ್ಟಿಯ ಬಾಗಿಲ ಪಕ್ಕ ಕೂರಿಸಿದ್ದರು. ಮಾವ ಅದನ್ನು ಹೊಸ ಸೊಸೆಯನ್ನು ನೋಡುವ ಅತ್ತೆಯಂತೆ ಮೇಲಿಂದ ಕೆಳಗೆ ನೋಡಿದ. ಆಮೇಲೆ ತನ್ನ ಬೆವರಿನ ಟವೆಲನ್ನು ಅದರ ಮೇಲೆ ನೇತುಹಾಕಿದ. ಅಂದಿನಿಂದ ಆ ಮೀಟರು ಟವೆಲಿನ ಗೂಟವಾಗಿ ನಿಷ್ಠೆಯಿಂದ ಸೇವೆ ಸಲ್ಲಿಸಿತು.

ಕಾವು ನೋಡುವುದು ಅಂಗೈಯ ಹಕ್ಕು. ಮಾವ ತೋಳು ಮಡಚಿ, ಮೊದಲು ಅಭ್ಯಾಸಕ್ಕೆಂಬಂತೆ ಒಂದು ಚಿಟಿಕೆ ಹಿಟ್ಟನ್ನು ಭಟ್ಟಿಯೊಳಗೆ ಎರಚಿ, ಆಮೇಲೆ ಕೈಯನ್ನು ಅದರ ಬಾಯೊಳಗೆ ಚಾಚಿ ಕಣ್ಣು ಮುಚ್ಚುತ್ತಿದ್ದ. ಹಿಟ್ಟು ನಾದುವವರು ನಾದುವುದನ್ನು ನಿಲ್ಲಿಸುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಯಜಮಾನರ ಕತ್ತು ಉದ್ದವಾಗುತ್ತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ನಾಡಿ ಹಿಡಿದಾಗಲೂ ಅಷ್ಟು ಮೌನ ಇರುವುದಿಲ್ಲ. "ಇನ್ನೊಂಚೂರು," ಎನ್ನುತ್ತಿದ್ದ ಮಾವ. ಬ್ರೆಡ್ಡು ಹೊಂಬಣ್ಣಕ್ಕೆ ತಿರುಗಿ ಉಬ್ಬಿ ಬಂದರೆ ಅದು ಅಂಗೈಯ ಮಹಿಮೆ. ಸೀದುಹೋದರೆ ಮೈದಾ ಸರಿಯಿಲ್ಲ, ಯೀಸ್ಟು ಹಳತು, ಸೌದೆ ಹಸಿ, ಯಜಮಾನರ ಗ್ರಹಚಾರ ನೆಟ್ಟಗಿಲ್ಲ. ಅಂಗೈ ತಪ್ಪು ಮಾಡಿದ ದಾಖಲೆ ಮಾತ್ರ ಎಲ್ಲೂ ಇಲ್ಲ.

ಕಾದ ಟ್ರೇಗಳನ್ನು ಬರಿಗೈಯಲ್ಲಿ ಎಳೆಯುವುದು ಮಾವನ ಇನ್ನೊಂದು ವಿದ್ಯೆ. ಎಳೆದೆಳೆದು ಅಂಗೈ ಹಳೇ ಟೈರಿನ ಬಣ್ಣಕ್ಕೂ ಹಳೇ ಟೈರಿನ ದಪ್ಪಕ್ಕೂ ಬಂದಿತ್ತು. "ಇದು ಕೈಯಲ್ಲ ಕಣ್ರೋ, ಇಕ್ಕಳ," ಎಂದು ಅವನು ಎತ್ತಿ ತೋರಿಸಿದರೆ ಹೊಸದಾಗಿ ಸೇರಿದವರು ಬಾಯಿ ಬಿಡುತ್ತಿದ್ದರು. ಆ ಕೈಗೆ ನೋವಾಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ನೋವಾಗದ ಕೈಗೆ ಕಾವು ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಅಧಿಕಪ್ರಸಂಗಿ ಮಾತ್ರ ಆ ಬೇಕರಿಯಲ್ಲಿ ಹುಟ್ಟಿರಲಿಲ್ಲ.

ಕಡೆಗೆ ಯಜಮಾನರ ಮಗ ಕರೆಂಟಿನ ಭಟ್ಟಿ ತರಿಸಿದ. ಗುಂಡಿ ಒತ್ತಿದರೆ ಕಾವು, ಗಂಟೆ ಹೊಡೆದರೆ ಬ್ರೆಡ್ಡು. ಮಾವ ಮನೆಗೆ. ಅದು ಕೆಟ್ಟು ತನ್ನನ್ನು ಕರೆಯಲು ಯಾರಾದರೂ ಓಡಿಬರುತ್ತಾರೆಂದು ಮಾವ ಮನೆಯ ಮೆಟ್ಟಿಲ ಮೇಲೆ ಇಸ್ತ್ರಿ ಅಂಗಿ ತೊಟ್ಟು ಕೂತ. ಆ ಹಟಮಾರಿ ಯಂತ್ರ ಬೇಕೆಂದೇ ಚೆನ್ನಾಗಿ ಬೇಯಿಸುತ್ತ ಹೋಯಿತು.

ಮಾವನ ಹೆಂಡತಿ ಟೈಲರು. ಮನೆಯ ಕೆಳಗಿನ ಮಳಿಗೆಯಲ್ಲೇ ಅವಳ ಹೊಲಿಗೆ ಅಂಗಡಿ, ಶಾಲೆ ಮಕ್ಕಳ ಯೂನಿಫಾರಂ ಅವಳ ಮುಖ್ಯ ದುಡಿಮೆ. ಕೆಲಸ ಬಿಟ್ಟ ಮಾವ ದಿನಾ ಕೆಳಗಿಳಿದು ಅಂಗಡಿಯಲ್ಲಿ ಕೂತು, ಇಸ್ತ್ರಿಪೆಟ್ಟಿಗೆಗೆ ಎಷ್ಟು ಕಾವಿರಬೇಕೆಂದು ಅವಳಿಗೆ ಹೇಳಿಕೊಡತೊಡಗಿದ. ವಾರ ತುಂಬುವ ಮೊದಲೇ ಟೈಲರಮ್ಮ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು, "ರೀ, ನೀವು ಮೇಲೆ ಹೋಗಿ ಗಾಳಿ ತಗೊಳ್ಳಿ. ಇಲ್ಲಿರೋ ಗಾಳಿ ನನಗೇ ಸಾಲ್ತಿಲ್ಲ," ಎಂದಳು.

ಹೀಗೆ ಮೇಲೂ ಸಲ್ಲದೆ ಕೆಳಗೂ ಸಲ್ಲದೆ ಮೆಟ್ಟಿಲ ನಡುವೆ ಕೂತಿದ್ದವನಿಗೆ ಮೊಮ್ಮಗಳು ಹುಟ್ಟಿದಳು. ಮಗಳೂ ಅಳಿಯನೂ ಅದೇ ಕಟ್ಟಡದ ಮೇಲಿನ ಮನೆಯಲ್ಲಿ ಇದ್ದರು. ಮಗು ಹಸಿದರೆ ಕಟ್ಟಡಕ್ಕೆಲ್ಲ ಗೊತ್ತಾಗುವಂತೆ ಕೂಗುತ್ತಿತ್ತು, ಕೂಗಿದೊಡನೆ ಎಲ್ಲರೂ ಓಡುತ್ತಿದ್ದರು. ಇದನ್ನು ನೋಡಿದ ಮಾವ, "ಇವಳೇ ಇನ್ನು ನಮ್ಮ ಯಜಮಾನ್ತಿ," ಎಂದು ಹೆಸರಿಟ್ಟ. ಯಜಮಾನ್ತಿ ಅವನ ತೋರುಬೆರಳನ್ನು ಹಿಡಿದುಕೊಂಡು ಮಲಗಿದರೆ, ಕಾಲು ಜೋಮು ಹಿಡಿದರೂ ಅವನು ಅಲ್ಲಾಡುತ್ತಿರಲಿಲ್ಲ. ಬೇಕರಿ ಬಿಟ್ಟ ಮೇಲೆ ಅವನನ್ನು 'ಇರು' ಎಂದು ಹಿಡಿದುಕೊಂಡದ್ದು ಅದೊಂದೇ ಕೈ.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳ ರಜೆ ಮುಗಿಯುತ್ತ ಬಂತು. ಮಗುವನ್ನು ಹಗಲು ಯಾರು ನೋಡಿಕೊಳ್ಳಬೇಕೆಂದು ತೀರ್ಮಾನಿಸಲು ಊಟದ ಮೇಜಿನ ಸುತ್ತ ಸಭೆ ಸೇರಿತು.

"ನಾನು ಮಿಷನ್ ಬಿಟ್ಟು ಏಳಲ್ಲ, ಈಗಲೇ ಹೇಳ್ತೀನಿ. ಶಾಲೆ ಶುರುವಾಗೋ ಹೊತ್ತು," ಎಂದಳು ಟೈಲರಮ್ಮ.

"ಎದುರುಗಡೆ ಬೇಬಿ ಸಿಟ್ಟಿಂಗ್ ಇದೆಯಲ್ಲ. ಕೇಳಿ ಬಂದಿದ್ದೀನಿ. ಒಳ್ಳೆಯವರು," ಎಂದಳು ಮಗಳು.

"ಪರದೇಶಿ ಮಗುನಾ ಇದು?" ಮಾವ ಮೇಜು ಗುದ್ದಿದ. "ಕಲ್ಲಿನ ಹಾಗೆ ತಾತ ಕೂತಿದ್ದೀನಿ."

"ಕಲ್ಲಿನ ಹಾಗೆ ಕೂರೋದು ಸರಿ ಅಪ್ಪ, ಹಾಲು ಯಾರು ಕೊಡ್ತಾರೆ? ನಾನು ಪಂಪಲ್ಲಿ ತೆಗೆದು ಫ್ರಿಜ್ಜಲ್ಲಿ ಇಟ್ಟು ಹೋಗ್ತೀನಿ. ಅದನ್ನ ಹದವಾಗಿ ಬೆಚ್ಚಗೆ ಮಾಡಿ ಕೊಡಬೇಕು."

ಹದವಾಗಿ ಬೆಚ್ಚಗೆ! ಈ ಮಾತು ಯಾರ ಮುಂದೆ ಹೇಳುತ್ತಿದ್ದೇನೆಂದು ಆ ಹುಡುಗಿಗೆ ಎಚ್ಚರ ಬೇಡವೇ? ಮಾವ ಬಲ ಅಂಗೈಯನ್ನು ಮೇಜಿನ ನಡುವೆ, ಉಪ್ಪಿನ ಡಬ್ಬಿಯ ಪಕ್ಕ, ಮೇಲ್ಮುಖವಾಗಿ ಇಟ್ಟ. ಅದೇ ಉತ್ತರ.

ಅಳಿಯ ಕೆಮ್ಮಿದ. ಅವನು ಲಿಫ್ಟು ರಿಪೇರಿ ಕಂಪನಿಯವನು. ಗುಂಡಿ ಒತ್ತಿ ಆಗದ ಕೆಲಸ ಅವನ ಲೆಕ್ಕದಲ್ಲಿ ಕೆಲಸವೇ ಅಲ್ಲ. "ಮಾವ, ಅದಕ್ಕೆಲ್ಲ ಈಗ ಮಿಷನ್ ಬಂದಿದೆ," ಎಂದು ಒಳಗಿನಿಂದ ಒಂದು ಡಬ್ಬಿ ತಂದ. ಬಾಟಲಿ ಇಡಲು ಕುಳಿ, ಸುತ್ತ ನೀಲಿ ದೀಪ. ಹಾಲು ಬೆಚ್ಚಗಾದರೆ ಹಾಡು ಬೇರೆ ಹೇಳುತ್ತಿತ್ತು. ಅಳಿಯ ಅದರ ಗುಣಗಾನ ಮಾಡಿದಷ್ಟು ಹೊತ್ತಿನಲ್ಲಿ ಓಣಿಯ ಮಕ್ಕಳಿಗೆಲ್ಲ ಹಾಲು ಕುಡಿಸಿ ಮಲಗಿಸಬಹುದಿತ್ತು. ಅವನು ಮುಗಿಸಿದ ಮೇಲೆ ಮಾವ ಹೆಗಲ ಟವೆಲು ತೆಗೆದು ಮುಖ ಒರೆಸಿ, ಜೋಪಾನವಾಗಿ ಆ ಯಂತ್ರದ ಮೇಲೆ ಹಾಕಿದ.

ಮಗಳು ಅಪ್ಪನನ್ನೂ ಗಂಡನನ್ನೂ ನೋಡಿದಳು. "ಸರಿ. ಶನಿವಾರ ನಾನು ಅಂಗಡಿಗೆ ಹೋಗಿ ಓನರ್ ಹತ್ರ ಮಾತಾಡಿ, ಒಂದು ದಿನ ಕೆಲಸಾನೂ ಮಾಡಿ ಬರ್ತೀನಿ. ನಾನು ಬರೋವರೆಗೆ ನೀವು ನೋಡ್ಕೊಳ್ಳಿ. ಎಲ್ಲ ಸರಿಹೋದ್ರೆ ಸೋಮವಾರದಿಂದ ಪಾಪು ನಿಮ್ಮ ಹತ್ರ. ಇಲ್ಲ ಅಂದ್ರೆ ಎದುರುಗಡೆ. ಆಮೇಲೆ ಮುಖ ಊದಿಸ್ಕೊಬಾರದು."

ಶುಕ್ರವಾರ ಅವಳು ಅಡುಗೆಮನೆಯಲ್ಲಿ ಪಾಠ ಮಾಡಿದಳು. ದೊಡ್ಡ ಸಂಗೀತಗಾರ ಚಿಕ್ಕ ಮಕ್ಕಳ ಹಾಡು ಕೇಳುವಂತೆ ಮಾವ ಕೈಕಟ್ಟಿ, ಮುಗುಳ್ನಗುತ್ತ ನಿಂತು ಕೇಳಿದ.

"ನೀರು ಬಿಸಿ ಮಾಡಿ, ಒಲೆ ಆರಿಸಿ, ಈ ಬೋಗುಣಿಗೆ ಹಾಕಬೇಕು. ಬಾಟಲಿ ಅದರಲ್ಲಿ ನಿಲ್ಲಿಸಬೇಕು. ಒಲೆ ಮೇಲೆ ಹಾಲು ಇಡಲೇಬಾರದು. ಕುದಿಸಲೂಬಾರದು."

"ಹಾಲು ಕುದಿಸಬಾರದಾ? ಹಾಲು ಹುಟ್ಟಿದ್ದೇ ಕುದಿಯೋದಕ್ಕೆ ಮಗಳೇ."

"ಅದು ಡೈರಿ ಹಾಲು. ಇದು ನನ್ನ ಹಾಲು. ಕುದಿಸಿದ್ರೆ ಒಳಗಿರೋ ಸತ್ವ ಹೋಗುತ್ತೆ. ಮೈಕ್ರೋವೇವಲ್ಲೂ ಇಡಬಾರದು. ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡೋಷ್ಟು ಬಿಸಿ ಇರುತ್ತೆ. ಬಾಟಲಿ ಮೆಲ್ಲಗೆ ಹೀಗೆ ತಿರುಗಿಸಬೇಕು. ಆಮೇಲೆ ಮಣಿಕಟ್ಟಿನ ಒಳಗೆ ಎರಡು ಹನಿ ಹಾಕಿ ನೋಡಬೇಕು. ಬಾಟಲಿ ಮುಟ್ಟಿ ನೋಡಿದ್ರೆ ಸಾಲದು ಅಪ್ಪ, ಹಾಲೇ ಚರ್ಮಕ್ಕೆ ಬೀಳಬೇಕು. ಉಗುರುಬೆಚ್ಚಗೆ ಇರಬೇಕು."

"ಯಾರ ಉಗುರು? ನಿಂದಾ, ನಂದಾ?"

"ಅಪ್ಪಾ!"

"ಆಯ್ತು ಆಯ್ತು. ಭಟ್ಟಿ ಊದಿದವನಿಗೆ ಬೆಂಕಿಕಡ್ಡಿ ಗೀರೋದು ಕಲಿಸ್ತಾ ಇದ್ದೀಯ. ಕಲಿಸು."

ಶನಿವಾರ ಬೆಳಗ್ಗೆ ಮಗಳು ಬಾಗಿಲವರೆಗೆ ಹೋಗಿ ತಿರುಗಿ ಬಂದು, ಮತ್ತೆ ಹೋಗಿ, ಮತ್ತೆ ಬಂದು, ಕಡೆಗೆ ಅವಳಮ್ಮನೇ ಹೊರಗೆ ದಬ್ಬಿ ಕದ ಹಾಕಬೇಕಾಯಿತು. ಫ್ರಿಜ್ಜಿನಲ್ಲಿ ಎರಡು ಬಾಟಲಿ ಹಾಲು ಇತ್ತು. ತೊಟ್ಟಿಲಲ್ಲಿ ಯಜಮಾನ್ತಿ ನಿದ್ದೆಯಲ್ಲಿದ್ದಳು. ಮಾವನ ಮೇಲೆ ಒಂದು ಕಣ್ಣಿಡಲು ನಿಂತ ಟೈಲರಮ್ಮನನ್ನು ಯಾರೋ ಕೆಳಗಿನಿಂದ ಕೂಗಿದರು. ಅವರ ಮಗನ ಪ್ಯಾಂಟಿಗೆ ಗುಂಡಿಯೇ ಇಲ್ಲವಂತೆ. "ಬಂದೆ, ಒಂದು ಗುಂಡಿ ಹಾಕಿ ಬರ್ತೀನಿ," ಎಂದು ಅವಳು ಇಳಿದುಹೋದಳು.

ಅವಳ ಹೆಜ್ಜೆ ಸದ್ದು ಅಡಗುವುದಕ್ಕೇ ಕಾದಿದ್ದವಳಂತೆ ಯಜಮಾನ್ತಿ ಎದ್ದಳು, ಎದ್ದವಳೇ ಮುಷ್ಕರ ಹೂಡಿದಳು.

ಮಾವ ಹೇಳಿಕೊಟ್ಟಂತೆಯೇ ಶುರುಮಾಡಿದ, ಅಷ್ಟು ಹೇಳಲೇಬೇಕು. ನೀರು ಕಾಯಿಸಿದ, ಒಲೆ ಆರಿಸಿದ, ಬೋಗುಣಿಗೆ ಸುರಿದ, ಬಾಟಲಿ ನಿಲ್ಲಿಸಿದ. ಬೋಗುಣಿಯಲ್ಲಿ ಹಾಲು ಬೆಚ್ಚಗಾಗುವುದೆಂದರೆ ಸರಕಾರಿ ಕಚೇರಿಯಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿದಂತೆ. ಅವನು ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಅಂಗೈ ಹೇಳಿತು: ತಣ್ಣಗಿದೆ. ಮತ್ತೆ ಇಟ್ಟ, ಮತ್ತೆ ಹಿಡಿದ. ತಣ್ಣಗಿದೆ. ತೊಟ್ಟಿಲ ಕಡೆಯಿಂದ ಬರುವ ಕೂಗಿನಲ್ಲಿ ಈಗ ಬೈಗುಳವೂ ಸೇರಿದಂತೆ ಅವನಿಗೆ ಕೇಳಿಸಿತು. "ಬಂದೆ ಯಜಮಾನ್ತಿ, ಬಂದೆ. ಈ ಬೋಗುಣಿ ವೈದ್ಯ ನಂಬಿಕೊಂಡ್ರೆ ನಿನಗೆ ಮದುವೆ ವಯಸ್ಸಾಗುತ್ತೆ," ಎಂದವನೇ ಪಾತ್ರೆಯಲ್ಲಿ ನೀರಿಟ್ಟು, ಬಾಟಲಿಯನ್ನು ಅದರೊಳಗೆ ನಿಲ್ಲಿಸಿ, ಒಲೆ ಹಚ್ಚಿದ.

ನೀರು ಗುಳುಗುಳು ಎಂದಿತು. ಮಾವ ಬರಿಗೈ ಹಾಕಿ ಬಾಟಲಿ ಎತ್ತಿದ, ಟ್ರೇ ಎಳೆಯುತ್ತಿದ್ದ ಅದೇ ಠೀವಿಯಲ್ಲಿ. ಅಂಗೈ ಯೋಚಿಸಿತು. "ಇನ್ನೊಂಚೂರು," ಎಂದ ಮಾವ, ಖಾಲಿ ಅಡುಗೆಮನೆಗೆ ಕೇಳುವಂತೆ. ಇನ್ನೊಂಚೂರು ಆಯಿತು. ಮತ್ತೆ ಎತ್ತಿದ. ಮಣಿಕಟ್ಟಿನ ಹನಿ ಗಿನಿ ಎಲ್ಲ ಕೈಗುಣ ಇಲ್ಲದವರಿಗೆ ಇರುವ ಏರ್ಪಾಡು. ಅಂಗೈ ತೀರ್ಪು ಕೊಟ್ಟಿತು: ಹದ.

ಅವನು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಬಾಟಲಿ ಕಂಡೊಡನೆ ಯಜಮಾನ್ತಿ ಮುಷ್ಕರ ನಿಲ್ಲಿಸಿ ಬಾಯಿ ತೆರೆದಳು. ಬಾಟಲಿ ಇನ್ನೇನು ತುಟಿಗೆ ಮುಟ್ಟಬೇಕು, ಅಷ್ಟರಲ್ಲಿ ಟೈಲರಮ್ಮ ಒಳಗೆ ಬಂದಳು.

"ಕತ್ತು ಎತ್ತಿ ಹಿಡೀರಿ, ನೆತ್ತಿಗೆ ಹತ್ತುತ್ತೆ! ಇಲ್ಲಿ ಕೊಡಿ," ಎಂದು ಬಾಟಲಿ ಕಸಿದುಕೊಂಡವಳು, ಕಿರುಚಿ ಬಿಟ್ಟುಬಿಟ್ಟಳು. ಬಾಟಲಿ ನೆಲಕ್ಕೆ ಬಿದ್ದು, ಮುಚ್ಚಳ ಹಾರಿ, ಹಾಲು ಹೊಗೆಯಾಡುತ್ತ ಚೆಲ್ಲಿತು. ಮಗಳು ಅರ್ಧ ಬೆಳಗು ಕೂತು ಪಂಪಿನಲ್ಲಿ ತೆಗೆದ ಹಾಲು.

"ಏನ್ರೀ ಇದು! ಹಾಲಾ, ಕೆಂಡನಾ?"

"ಕೆಂಡವಂತೆ ಕೆಂಡ. ಬೆಚ್ಚಗಿತ್ತು ಅಷ್ಟೆ. ನಿನ್ನ ಕೈ ಬೆಣ್ಣೇಲಿ ಮಾಡಿದ್ದು."

"ಬೆಣ್ಣೆ! ಇದೇ ಕೈಯಲ್ಲಿ ದಿನಾ ಇಸ್ತ್ರಿಪೆಟ್ಟಿಗೆ ಹಿಡೀತೀನಿ."

"ಇಸ್ತ್ರಿಪೆಟ್ಟಿಗೆಗೆ ಹಿಡಿ ಇರುತ್ತೆ. ನಿನ್ನ ಹಾಗೆ ಬಟ್ಟೆ ಕಟ್ಟಿಕೊಂಡು ದುಡಿದವನಲ್ಲ ನಾನು. ಬರಿಗೈ! ಗೊತ್ತಾ? ಬರಿಗೈ!"

ಟೈಲರಮ್ಮ ಮಗುವನ್ನು ಅವನ ಮಡಿಲಿನಿಂದ ಎತ್ತಿ ತೊಟ್ಟಿಲಲ್ಲಿ ಮಲಗಿಸಿದಳು. ಕೈಒರೆಸುವ ಬಟ್ಟೆಯಲ್ಲಿ ಬಾಟಲಿಯನ್ನು ಎತ್ತಿಕೊಂಡಳು. ತಳದಲ್ಲಿ ಒಂದಿಷ್ಟು ಹಾಲು ಉಳಿದಿತ್ತು. ಗಂಡನ ಬಳಿ ಬಂದು, ಅಂಗಿಯ ಅಳತೆ ತೆಗೆಯುವವಳಂತೆ ಬನಿಯನ್ನು ಮೇಲೆತ್ತಿ, ಬಾಟಲಿಯನ್ನು ಅವನ ಹೊಟ್ಟೆಗೆ ಒತ್ತಿದಳು.

"ಅಯ್ಯಯ್ಯಯ್ಯೋ! ಸತ್ತೆ!"

ಕುರ್ಚಿ ಒಂದು ಕಡೆ, ಭಟ್ಟಿ ಮಾವ ಒಂದು ಕಡೆ. ಅಷ್ಟು ವರ್ಷ ಬೆಂಕಿಯ ಮುಂದೆ ನಿಂತವನು ಹಾಗೆ ನೆಗೆದದ್ದನ್ನು ಬೇಕರಿಯವರು ಯಾರೂ ಕಂಡಿರಲಿಲ್ಲ. ಯಜಮಾನ್ತಿ ಮಾತ್ರ ಕಂಡಳು; ಹಸಿವು ಮರೆತು ಕಣ್ಣರಳಿಸಿ ನೋಡಿದಳು.

"ಯಾಕ್ರೀ? ಬೆಚ್ಚಗಿದೆ ಅಷ್ಟೆ ಅಂದ್ರಿ?"

ಮಾವ ಹೊಟ್ಟೆ ನೋಡಿಕೊಂಡ. ಕೆಂಪಗೆ ದುಂಡಗೆ, ಬಾಟಲಿಯ ತಳದ ಮುದ್ರೆ. ಆಮೇಲೆ ಅಂಗೈ ನೋಡಿಕೊಂಡ. ಅದು ಎಂದಿನಂತೆ ಗಂಭೀರವಾಗಿತ್ತು, ತನಗೂ ಈ ಗಲಾಟೆಗೂ ಸಂಬಂಧವಿಲ್ಲವೆಂಬಂತೆ.

ಟೈಲರಮ್ಮ ಇನ್ನೊಂದು ಬಾಟಲಿ ತೆಗೆದು, ಬೋಗುಣಿಯಲ್ಲಿಟ್ಟು, ಮೆಲ್ಲಗೆ ತಿರುಗಿಸಿ, ಮಣಿಕಟ್ಟಿಗೆ ಹನಿ ಹಾಕಿ ನೋಡಿ, ಕುಡಿಸಿದಳು. ಮಗು ಚಪ್ಪರಿಸುವ ಸದ್ದೊಂದೇ ಮನೆಯಲ್ಲಿ. ಮಾವ ನೆಲ ಒರೆಸಿದ. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಒಂದು ಲೋಟದಲ್ಲಿ ಒಲೆಯ ಬಿಸಿನೀರು, ಇನ್ನೊಂದರಲ್ಲಿ ನಲ್ಲಿ ನೀರು ತೆಗೆದುಕೊಂಡು, ಕಣ್ಣು ಮುಚ್ಚಿ, ಒಂದಾದ ಮೇಲೊಂದನ್ನು ಅಂಗೈಯಲ್ಲಿ ಹಿಡಿದ. ಎರಡೂ ಲೋಟ. ಅಷ್ಟೇ ಗೊತ್ತಾದದ್ದು.

ಹಾಗಾದರೆ ಅಷ್ಟು ವರ್ಷ ಭಟ್ಟಿಯ ಕಾವು ನೋಡಿದವರು ಯಾರು?

ಅವನು ಸಿಂಕಿಗೆ ಒರಗಿ ನಿಂತು ನೆನಪು ಮಾಡಿಕೊಂಡ. ಕಾವು ಏರಿದಾಗ ಭಟ್ಟಿಯ ಮಸಿ ಹಿಡಿದ ಇಟ್ಟಿಗೆ ಬೆಳ್ಳಗಾಗುತ್ತಿತ್ತು. ಅದನ್ನು ನೋಡಿದ್ದು ಕಣ್ಣು. ಹುಬ್ಬಿನ ಕೂದಲು ಚುರುಗುಟ್ಟುತ್ತಿತ್ತು. ಅದು ಹುಬ್ಬಿನ ಕೆಲಸ. ಎರಚಿದ ಚಿಟಿಕೆ ಹಿಟ್ಟು ಒಂದೇ ಉಸಿರಿಗೆ ಕಂದಾಗಿ ಹುರಿದ ವಾಸನೆ ಬಂದರೆ ಹದ, ಕಪ್ಪಾಗಿ ಕಮಟಿದರೆ ಹೆಚ್ಚು. ಅದನ್ನು ಹಿಡಿದದ್ದು ಮೂಗು. ಪಾಪ, ಅವೆಲ್ಲ ಬಾಯಿಮುಚ್ಚಿಕೊಂಡು ದುಡಿದಿದ್ದವು. ಅಂಗೈ ಸುಮ್ಮನೆ ಚಾಚಿಕೊಂಡು ನಿಂತು ಚಪ್ಪಾಳೆ ಗಿಟ್ಟಿಸಿತ್ತು. ಇಡೀ ಬೇಕರಿಯಲ್ಲಿ ಏನೂ ಕೆಲಸ ಮಾಡದೆ ಹೆಸರು ಮಾಡಿದ್ದು ಯಜಮಾನರ ಮಗ ಒಬ್ಬನೇ ಎಂದು ಮಾವ ತಿಳಿದಿದ್ದ. ಈಗ ಇನ್ನೊಬ್ಬ ಸಿಕ್ಕಿದಂತಾಯಿತು.

ಸಂಜೆ ಮಗಳೂ ಅಳಿಯನೂ ಒಟ್ಟಿಗೆ ಬಂದರು. ಮಗಳು ಚಪ್ಪಲಿ ಬಿಡುವ ಮೊದಲೇ ತೊಟ್ಟಿಲಿಗೆ ಬಗ್ಗಿ, ಆಮೇಲೆ ಫ್ರಿಜ್ಜು ತೆರೆದಳು.

"ಎರಡೂ ಖಾಲಿ! ಎರಡೂ ಕುಡಿದ್ಲಾ?"

ಟೈಲರಮ್ಮ ಮೂಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ. ದಾರ ಮಾತ್ರ ಸೂಜಿಯ ಹತ್ತಿರ ನಿಂತುಬಿಟ್ಟಿತು.

"ಹೂಂ," ಎಂದ ಮಾವ. "ಹಸಿವು ನೋಡು, ಪಾಪ."

"ಅಳಲೇ ಇಲ್ವಾ?"

"ಅಳೋದಾ? ನಗು ನಗು."

ಹೊಟ್ಟೆಯ ಮುದ್ರೆ ಅಂಗಿಯ ಒಳಗೆ ಚುರುಕ್ ಎಂದಿತು. ಮಗಳು ಒಮ್ಮೆಲೇ ಹಗುರಾಗಿ ಕುರ್ಚಿಯಲ್ಲಿ ಕುಸಿದಳು. "ಅಬ್ಬಾ! ನಾನು ಅಲ್ಲಿ ಕೂತು ಎಷ್ಟು ಹೆದರಿದ್ದೆ ಗೊತ್ತಾ ಅಪ್ಪ? ಕಸ್ಟಮರಿಗೆ ಅಕ್ಷರ ತೋರಿಸೋ ಬದಲು ಗೋಡೆ ತೋರಿಸ್ತಿದ್ದೆ. ಸರಿ, ಮುಗೀತು. ಬೇಬಿ ಸಿಟ್ಟಿಂಗವರಿಗೆ ಈಗಲೇ ಫೋನ್ ಮಾಡಿ ಬೇಡ ಅಂತೀನಿ. ಸೋಮವಾರದಿಂದ ನಿಮ್ಮ ಹತ್ರಾನೇ."

ಗೆದ್ದಾಗಿತ್ತು. ಅಳಿಯನ ಮುಖ ಬಾಡಿತ್ತು, ಯಂತ್ರದ ಮೇಲೆ ಟವೆಲು ಹಾಗೇ ಇತ್ತು, ಮಗಳು ಫೋನಿನಲ್ಲಿ ನಂಬರು ಹುಡುಕುತ್ತಿದ್ದಳು. ಇನ್ನು ಬಾಯಿ ಮುಚ್ಚಿಕೊಂಡು ಇರುವುದಷ್ಟೇ ಮಾವನ ಕೆಲಸ. ಆದರೆ ಅವನ ತೋರುಬೆರಳನ್ನು ಹಿಡಿದು ಮಲಗಿದ್ದ ಯಜಮಾನ್ತಿ ನಿದ್ದೆಯಲ್ಲೇ ತುಟಿ ಚಪ್ಪರಿಸಿದಳು. ಆಗತಾನೆ ಮುರಿದ ಬನ್ನಿನ ಒಳಮೈಗಿಂತ ಮೆತ್ತಗಿನ ತುಟಿ. ಅವಳು ಹಿಡಿದದ್ದು ಅವನಿಗೆ ಕಣ್ಣಿಗೆ ಕಂಡಿತೇ ಹೊರತು ಬೆರಳಿಗೆ ತಿಳಿಯಲಿಲ್ಲ. ಇಷ್ಟು ದಿನವೂ ತಿಳಿದಿರಲಿಲ್ಲವೇ? ಅದನ್ನೂ ಕಣ್ಣೇ ಹೇಳಿತ್ತೇ?

"ನಿಲ್ಲು," ಎಂದ ಮಾವ. "ಫೋನ್ ಕೆಳಗಿಡು."

"ಯಾಕಪ್ಪ?"

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ತಲೆ ತಗ್ಗಿಸಿ ತಪ್ಪಾಯಿತು ಎನ್ನುತ್ತಿದ್ದರು. ಭಟ್ಟಿ ಮಾವನ ಕತ್ತು ಹಾಗೆ ಬಾಗುವ ಮಾದರಿಯದಲ್ಲ. ಅವನು ಗಂಟಲು ಸರಿಮಾಡಿಕೊಂಡು, ಎದೆ ಸೆಟೆಸಿ, ಬಲಗೈ ಎತ್ತಿ ಹಿಡಿದು ಹೇಳಿದ: "ಈ ಕೈಗೆ ಇವತ್ತಿಂದ ರಿಟೈರ್‌ಮೆಂಟ್ ಕೊಟ್ಟಿದ್ದೀನಿ."

"ಅಂದ್ರೆ?"

"ಅಂದ್ರೆ ಒಂದು ಬಾಟಲಿ ನೆಲ ಕುಡೀತು. ಒಲೆ ಮೇಲೆ ಇಟ್ಟಿದ್ದೆ. ಕೆಂಡ ಆಗಿತ್ತು. ನನಗೆ ತಣ್ಣಗಿತ್ತು. ನಿಮ್ಮಮ್ಮ ಬರದೇ ಇದ್ದಿದ್ರೆ..." ಎಂದವನೇ ಅಂಗಿ ಎತ್ತಿ ಮುದ್ರೆ ತೋರಿಸಿದ.

ಮಗಳು ಮುದ್ರೆ ನೋಡಿದಳು, ಮಗುವನ್ನು ನೋಡಿದಳು, ತುಟಿ ಮುಟ್ಟಿ ನೋಡಿದಳು. ಮುಖ ಬಿಳಿಚಿತು. "ನಗು ನಗು ಅಂದ್ರಲ್ಲ ಅಪ್ಪ," ಎಂದಳು. ಕೂಗಾಡಿದ್ದರೆ ಮಾವನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅಳಿಯ ಈ ಅವಕಾಶಕ್ಕೇ ಹುಟ್ಟಿದವನಂತೆ ಮುಂದೆ ಬಂದು ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ. "ನಾನು ಮೊದಲೇ ಹೇಳಿದ್ದೆ. ಮಿಷನ್ನಿಗೆ ಕೈ ಸತ್ತು ಹೋಗೋ ಪ್ರಶ್ನೆನೇ ಇಲ್ಲ." ಬಾಟಲಿಯಲ್ಲಿ ನೀರು ತುಂಬಿಟ್ಟು ಗುಂಡಿ ಒತ್ತಿದ. ನೀಲಿ ದೀಪ ಬಂತು, ಹಾಡೂ ಬಂತು. ಮಗಳು ಆ ನೀರನ್ನು ಮಣಿಕಟ್ಟಿಗೆ ಹನಿಸಿಕೊಂಡು ಹುಬ್ಬು ಗಂಟಿಕ್ಕಿದಳು. "ಬಿಸಿ ಜಾಸ್ತಿ ಇದೆ. ಯಾವ ಗುಂಡಿ ಒತ್ತಿದ್ರಿ?"

"ಅದು... ಫ್ರಿಜ್ಜಿಂದ ತೆಗೆದ ಹಾಲಿಗೆ ಇರೋ ಗುಂಡಿ. ನೀರು ಮೊದಲೇ ತಣ್ಣಗಿರಲಿಲ್ಲ ನೋಡು, ಅದಕ್ಕೆ. ಮಿಷನ್ ತಪ್ಪಲ್ಲ."

"ಗ್ರಹಚಾರದ ತಪ್ಪು ಇರಬೇಕು," ಎಂದಳು ಟೈಲರಮ್ಮ ಸೂಜಿಗೆ.

"ಮಿಷನ್ ಇರಲಿ, ಬೋಗುಣಿ ಇರಲಿ," ಎಂದಳು ಮಗಳು, "ಕೊನೆಗೆ ಒಂದು ಜೀವಂತ ಚರ್ಮ ಬೇಕು." ಅಪ್ಪನ ಕಡೆ ತಿರುಗಿದಳು. ಆಮೇಲೆ ಅಂಗಡಿಯಲ್ಲಿ ಮಾಡುವಂತೆ ಕುರ್ಚಿಯೊಂದನ್ನು ಬೆಳಕಿಗೆ ಎಳೆದಳು. "ಕೂತ್ಕೊಳ್ಳಿ. ಕಣ್ಣು ಮುಚ್ಚಿ. ತೋಳು ಮೇಲೆ ಮಾಡಿ."

ಮೂರು ಲೋಟ ನೀರು ಬಂತು: ಬಿಸಿ, ತಣ್ಣಗೆ, ಹದ. ಚಮಚದಿಂದ ಅವಳು ಹನಿ ಬಿಡತೊಡಗಿದಳು.

"ಅಂಗೈ. ಇದು ಹೇಗಿದೆ?"

"ಒದ್ದೆಯಾಗಿದೆ."

"ಬಿಸಿನಾ, ತಣ್ಣಗಾ ಅಪ್ಪ?"

"ಒದ್ದೆ ಅಂದೆನಲ್ಲ."

"ಮಣಿಕಟ್ಟು. ಇದು? ಈಗ ಇದು? ಮೊದಲಿನದು ಬಿಸಿಯಾಗಿತ್ತಾ, ಇದಾ?"

ಮಣಿಕಟ್ಟಿನ ಮೇಲೆ ಭಟ್ಟಿಯ ಕಬ್ಬಿಣದ ಬಾಗಿಲು ತಗುಲಿ ತಗುಲಿ ಎದ್ದ ಹಳೇ ಬರೆಗಳು, ಏಣಿಯ ಮೆಟ್ಟಿಲಿನಂತೆ. "ಎರಡನೇದು," ಎಂದ ಮಾವ, ದನಿಯಲ್ಲಿ ಪರೀಕ್ಷೆಗೆ ಓದದವನ ಧೈರ್ಯ.

"ಎರಡೂ ಒಂದೇ ಲೋಟದ್ದು." ಮಗಳು ನಿಟ್ಟುಸಿರು ಬಿಟ್ಟಳು. ಎದುರುಗಡೆಯ ಬೇಬಿ ಸಿಟ್ಟಿಂಗಿನ ಗಂಟೆ ಆ ಹೊತ್ತಿಗೇ ಬಾರಿಸಬೇಕೇ? ಕಣ್ಣು ಮುಚ್ಚಿದ್ದ ಮಾವನ ಕಿವಿ ಅದನ್ನು ತಪ್ಪದೆ ಕೇಳಿಸಿಕೊಂಡಿತು. ಅವನ ಇನ್ನೊಂದು ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು.

"ತೋಳು ಇನ್ನೂ ಮೇಲಕ್ಕೆ ಮಡಚು," ಎಂದಳು ಟೈಲರಮ್ಮ ಮಗಳಿಗೆ. "ಅವರು ಅಂಗಿ ತೋಳು ಮೊಣಕೈ ದಾಟಿ ಮಡಚ್ತಾನೇ ಇರಲಿಲ್ಲ. ಎಷ್ಟು ಅಂಗಿ ಹೊಲಿದಿಲ್ಲ ನಾನು? ಮಡಿಕೆ ಯಾವಾಗಲೂ ಅಲ್ಲೇ ಸವೀತಿತ್ತು."

ಮಡಚಿದರು. ಮೊಣಕೈಯ ಒಳಮಡಿಕೆಯಲ್ಲಿ, ಟೈರಿನ ಬಣ್ಣ ಮುಗಿದ ಕಡೆ, ಅಂಗೈಯಷ್ಟಗಲ ಬೆಳ್ಳನೆ ಚರ್ಮ. ಬಿಸಿಲನ್ನೂ ಕಾಣದ, ಬೆಂಕಿಯನ್ನೂ ಕಾಣದ, ಎಂದೂ ಯಾರ ಮೆಚ್ಚುಗೆಯನ್ನೂ ಕೇಳದ ಚರ್ಮ. ಮಗಳು ಅಲ್ಲಿ ಒಂದು ಹನಿ ಬಿಟ್ಟಳು.

"ಆಹಾ! ಬಿಸಿ!" ಮಾವ ಕೈ ಎಳೆದುಕೊಂಡ.

"ಇದು?"

"ತಣ್ಣಗೆ. ಥೂ, ಮೈ ಜುಂ ಅಂತು."

"ಇದು?"

ಮಾವ ತಡವರಿಸಿದ. ಮುಖ ಸಪ್ಪಗಾಯಿತು. "ಇದು... ಬಿಸಿನೂ ಇಲ್ಲ, ತಣ್ಣಗೂ ಇಲ್ಲ. ಏನೂ ಗೊತ್ತಾಗ್ತಾ ಇಲ್ಲ ಮಗಳೇ. ಇದೂ ಹೋಯ್ತು ಅನ್ನಿಸುತ್ತೆ."

"ಅದೇ ಹದ ಅಪ್ಪ! ಏನೂ ಗೊತ್ತಾಗಬಾರದು. ಪಾಪುಗೆ ಅದೇ ಬೇಕಾಗಿರೋದು."

ಅವಳು ಮತ್ತೆ ಮತ್ತೆ, ಲೋಟ ಅದಲುಬದಲು ಮಾಡಿ, ಮೋಸ ಮಾಡಿ, ಮಾತಿನಲ್ಲಿ ಮರೆಸಿ ಪರೀಕ್ಷಿಸಿದಳು. ಮೊಣಕೈ ಒಮ್ಮೆಯೂ ಎಡವಲಿಲ್ಲ. ಕಡೆಗೆ ಚಮಚ ಕೆಳಗಿಟ್ಟು, ಬೆರಳು ತೋರಿಸಿ ಷರತ್ತು ಹಾಕಿದಳು: ಬಾಟಲಿ ಒಲೆ ಹತ್ತಿರ ಸುಳಿಯಬಾರದು. ಮಗು ಎಷ್ಟೇ ಅತ್ತರೂ ಬೋಗುಣಿಯೇ. ಹಾಲು ಮೊಣಕೈಗೆ ಬೀಳದೆ ಮಗುವಿನ ಬಾಯಿಗೆ ಬೀಳುವಂತಿಲ್ಲ. ಕುಡಿದು ಮಿಕ್ಕಿದ್ದನ್ನು ಮತ್ತೆ ಬೆಚ್ಚಗೆ ಮಾಡುವಂತಿಲ್ಲ. "ಮೊದಲ ವಾರ ಅಮ್ಮ ಕೆಳಗಿನ ಅಂಗಡಿ ಬಿಟ್ಟು ಮೇಲೆ ಕೂತೇ ಗುಂಡಿ ಹಾಕ್ತಾಳೆ. ಇನ್ನೊಂದು ಸಲ 'ನಗು ನಗು' ಅಂತ ಸುಳ್ಳು ಹೇಳಿದ್ರೆ..."

"ಹೊಟ್ಟೆಗೆ ಇನ್ನೊಂದು ಮುದ್ರೆ ಒತ್ತು," ಎಂದ ಮಾವ.

ಸೋಮವಾರ ಮಗಳು ಬಾಗಿಲವರೆಗೆ ಹೋಗಿ ತಿರುಗಿ ಬಂದದ್ದು ಒಂದೇ ಸಲ. ಯಜಮಾನ್ತಿ ಎದ್ದು ಮುಷ್ಕರ ಹೂಡಿದಾಗ ಬೋಗುಣಿಯ ಮುಂದೆ ನಿಂತ ಮಾವನ ಹಣೆಯಲ್ಲಿ ಭಟ್ಟಿಯ ಮುಂದೆ ನಿಂತಾಗಲೂ ಬರದ ಬೆವರು ಬಂತು. ಬಟ್ಟೆಯ ರಾಶಿಯ ನಡುವಿನಿಂದ ಟೈಲರಮ್ಮ ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಕೂಗು ಏರಿತು. ಒಲೆ ಕೈಗೆಟಕುವಷ್ಟು ಹತ್ತಿರವೇ ಇತ್ತು. ಮಾವ ಒಲೆಗೆ ಬೆನ್ನು ತಿರುಗಿಸಿ ನಿಂತು, ಬಾಟಲಿಯನ್ನು ನೀರಿನಲ್ಲಿ ಮೆಲ್ಲಗೆ ತಿರುಗಿಸುತ್ತ, "ಕೂಗು ತಾಯಿ, ಕೂಗು. ಇದು ನಿಧಾನದ ಭಟ್ಟಿ," ಎಂದು ಸಮಾಧಾನ ಹೇಳಿದ. ಯಾರಿಗೆ ಹೇಳಿದನೋ. ಆಮೇಲೆ ಸೂಜಿ ಚುಚ್ಚಿಸಿಕೊಳ್ಳಲು ಬಂದವನಂತೆ ತೋಳು ಮೇಲೇರಿಸಿ, ಮೊಣಕೈಯೊಳಗೆ ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿದ. ಏನೂ ಗೊತ್ತಾಗಲಿಲ್ಲ. ಅಷ್ಟು ಸಂತೋಷದಿಂದ ಅವನು ಏನೂ ಗೊತ್ತಾಗದೆ ಎಂದೂ ನಿಂತಿರಲಿಲ್ಲ.

ಯಜಮಾನ್ತಿ ಕುಡಿದಳು, ತಳ ಕಾಣುವವರೆಗೆ. ಕುಡಿದು ಅವನ ಹೆಗಲ ಮೇಲೆ ಒಂದು ದೊಡ್ಡ ತೇಗು ಬಿಟ್ಟಳು.

ಇಷ್ಟಾದ ಮೇಲೆ ಭಟ್ಟಿ ಮಾವ ವಿನಯ ಕಲಿತನೆಂದು ಯಾರಾದರೂ ತಿಳಿದರೆ ಅವರು ಅವನನ್ನು ಕಂಡವರಲ್ಲ. ಮೊದಲ ವಾರ ಕಳೆದದ್ದೇ ತಡ, ಅವನು ಮಗುವನ್ನು ಹೆಗಲಿಗೆ ಹಾಕಿಕೊಂಡು, ಅಂಗಿಯ ತೋಳನ್ನು ಮೊಣಕೈ ದಾಟಿ ಮಡಚಿ, ಮೆಟ್ಟಿಲ ಮೇಲೆ ಕೂತು, ಸೈಕಲ್ ರಿಪೇರಿಯವನಿಗೆ ಹೇಳುತ್ತಿದ್ದ: "ಕೈ ಏನು ಮಹಾ, ಕೈ ಎಲ್ಲರಿಗೂ ಇರುತ್ತೆ. ಇಲ್ಲಿ ನೋಡು, ಈ ಮೊಣಕೈ. ಇದರ ಗುಣ ನಮ್ಮ ಮನೆತನದಲ್ಲಿ ಇನ್ಯಾರಿಗೂ ಬಂದಿಲ್ಲ."

ಕೆಳಗಿನ ಮಳಿಗೆಯಲ್ಲಿ ಹೊಲಿಗೆ ಮಿಷನ್ನು ಒಂದು ಕ್ಷಣ ನಿಂತು, ಏನೋ ಹೇಳಬೇಕೆಂದು ಯೋಚಿಸಿ, ಮತ್ತೆ ಓಡತೊಡಗಿತು.